ಟ್ರೆಂಡ್ ಹಿಡಿದು ಟ್ರೇಡ್ ಮಾಡೋದು ನಮ್ಮಂಥವರಿಗೆ ಒಗ್ಗುತ್ತಾ? ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರದಲ್ಲಿ ಇನ್‌ಕಂ ಟ್ಯಾಕ್ಸ್ ರಿಟರ್ನ್ಸ್ ತುಂಬಿಕೊಡುವುದು ನನ್ನ ಕೆಲಸ. ಮೊದಲೆಲ್ಲ ಜುಲೈ ಬಂತೆಂದರೆ ಜನ ಫಾರ್ಮ್ 16 ಹಿಡಿದು ಬರುತ್ತಿದ್ದರು. ಈಗ ಅದರ ಜೊತೆಗೆ ಷೇರು ಬ್ರೋಕರ್ ಕಳಿಸಿದ ಲಾಭ-ನಷ್ಟದ ಪಟ್ಟಿಯೂ ಇರುತ್ತದೆ. ಅದರ ಕೊನೆಯ ಸಾಲು ಓದುವಾಗ ಎಷ್ಟೋ ಜನ ದನಿ ತಗ್ಗಿಸುತ್ತಾರೆ, ಪಕ್ಕದಲ್ಲಿ ಕೂತ ಹೆಂಡತಿಗೆ ಕೇಳಿಸದಿರಲಿ ಅಂತ. ಆ ಮೇಜಿನ ಎದುರು, ವಾಟ್ಸಾಪ್‌ನಲ್ಲಿ, ಆಗೀಗ ಕಾಗದದಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ನಾನು ಷೇರುಪೇಟೆಯ ನಿಯಂತ್ರಕ ಸೆಬಿಯಲ್ಲಿ ನೋಂದಾಯಿಸಿದ ಸಲಹೆಗಾರ್ತಿ ಅಲ್ಲ. ಯಾವ ಷೇರು ಕೊಳ್ಳಬೇಕು ಅಂತ ಹೇಳುವುದಿಲ್ಲ. ನನ್ನದೇ ಸ್ವಲ್ಪ ಹಣವನ್ನು ಈ ದಾರಿಯಲ್ಲಿ ಇಟ್ಟು ಕೆಲವು ವರ್ಷ ನಡೆದಿದ್ದೇನೆ. ಆ ಅನುಭವವೂ ಇದರಲ್ಲಿ ಸೇರಿದೆ.

## ಮೊದಲು ತಿಳಿಯಬೇಕಾದದ್ದು

ಅಕ್ಕಾ, ಟ್ರೆಂಡ್ ಹಿಡಿಯೋದು ಅಂದ್ರೆ ಏನು? ನಾಳೆ ಏರುತ್ತೆ ಅಂತ ಮೊದಲೇ ಹೇಳೋದಾ?

ಅಲ್ಲ. ನಾಳೆಯ ಮಾತು ಇಲ್ಲಿ ಯಾರೂ ಆಡುವುದಿಲ್ಲ. ಬೆಲೆ ಈಗ ಯಾವ ಕಡೆ ಹೋಗುತ್ತಿದೆ ಅಂತ ನೋಡಿ ಅದರ ಜೊತೆ ಹೋಗುವುದು, ದಿಕ್ಕು ತಿರುಗಿದರೆ ಇಳಿದುಬಿಡುವುದು. ಅಷ್ಟೇ.

ದಿಕ್ಕು ನೋಡಲು ಒಂದು ಅಳತೆ ಬೇಕು. ಹೆಚ್ಚು ಜನ ಬಳಸುವುದು ಮೂವಿಂಗ್ ಆವರೇಜ್. ಹಿಂದಿನ 200 ದಿನಗಳ ಕೊನೆಯ ಬೆಲೆಗಳನ್ನು ಕೂಡಿ 200ರಿಂದ ಭಾಗಿಸಿದರೆ ಒಂದು ಸರಾಸರಿ ಬರುತ್ತದೆ. ಬೆಲೆ ಅದಕ್ಕಿಂತ ಮೇಲಿದ್ದರೆ ಒಳಗೆ, ಕೆಳಗಿಳಿದರೆ ಹೊರಗೆ. ಇನ್ನೊಂದು ಅಳತೆ, ಇಷ್ಟು ದಿನಗಳ ಗರಿಷ್ಠ ಬೆಲೆಯನ್ನು ದಾಟಿದಾಗ ಕೊಳ್ಳುವುದು. ವ್ಯಾಪಾರ ಕಲಿಸಿದರೆ ಬರುತ್ತಾ, ಹುಟ್ಟಿನಿಂದಲೇ ಬರಬೇಕಾ ಎಂಬ ವಾದ ತೀರಿಸಲು 1983ರಲ್ಲಿ ಅಮೆರಿಕದ ರಿಚರ್ಡ್ ಡೆನಿಸ್ ಮತ್ತು ಅವರ ಗೆಳೆಯ ವಿಲಿಯಂ ಎಕಾರ್ಟ್ ಹೊಸಬರನ್ನು ಸೇರಿಸಿಕೊಂಡರು. 20 ದಿನ ಮತ್ತು 55 ದಿನಗಳ ಗರಿಷ್ಠ ಬೆಲೆ ದಾಟುವ ನಿಯಮವನ್ನು ಎರಡು ವಾರದಲ್ಲಿ ಕಲಿಸಿದರು. ಆ ಹೊಸಬರಿಗೆ ‘ಟರ್ಟಲ್ಸ್’ (ಆಮೆಗಳು) ಅಂತ ಹೆಸರು ಬಂತು. ಎಲ್ಲರ ಕೈಯಲ್ಲೂ ಒಂದೇ ನಿಯಮ ಇತ್ತು. ಆದರೂ ಕೆಲವರು ತುಂಬಾ ಗಳಿಸಿದರು, ಕೆಲವರು ನಡುವೆಯೇ ಹೊರಬಿದ್ದರು.

ರೇಟ್ ಎದ್ದ ಮೇಲೆ ತಗೊಳ್ಳೋದು ದಡ್ಡತನ ಅಲ್ವಾ? ಟೊಮೆಟೊದಲ್ಲಿ ಹಂಗೆ ಮಾಡಿದೋರೇ ಮುಳುಗಿದ್ದು.

ನಮ್ಮೂರಿನವರು ಕೇಳುವ ಪ್ರಶ್ನೆಗಳಲ್ಲಿ ನನಗೆ ಅತಿ ಇಷ್ಟವಾದದ್ದು ಇದು, ಯಾಕೆಂದರೆ ನೋವು ತಿಂದವರ ಪ್ರಶ್ನೆ. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿತು. ಮಂಡಿಯ ಶೆಡ್ಡಿನಲ್ಲಿ ತಲೆಯೆತ್ತರಕ್ಕೆ ಪೇರಿಸಿದ ಬಾಕ್ಸ್‌ಗಳ ನಡುವೆ ಹರಾಜು ಕೂಗುವವನ ಹಿಂದೆ ಜನ ಓಡುತ್ತಿದ್ದರು. ಅದನ್ನು ನೋಡಿದ ಎಷ್ಟೋ ಜನ ಇದ್ದ ನೆಲಕ್ಕೆಲ್ಲ ಮಲ್ಚಿಂಗ್ ಶೀಟ್ ಹಾಸಿ ನಾಟಿ ಮಾಡಿದರು. ಕಡ್ಡಿ, ದಾರ, ಡ್ರಿಪ್, ಔಷಧಿ, ಎಲ್ಲಕ್ಕೂ ಸಾಲ. ಸೆಪ್ಟೆಂಬರ್ ಹೊತ್ತಿಗೆ ರೇಟ್ ನೆಲಕ್ಕೆ ಬಂದಿತ್ತು.

ಅವರು ಏರಿದ ಮೇಲೆ ಒಳಗೆ ಬಂದರು, ನಿಜ. ಆದರೆ ಅವರನ್ನು ಮುಳುಗಿಸಿದ್ದು ಅದಲ್ಲ. ನಾಟಿ ಮಾಡಿದ ಮೇಲೆ ಮೊದಲ ಹಣ್ಣು ಕೀಳಲು ಎರಡು ತಿಂಗಳಿಗೂ ಜಾಸ್ತಿ ಬೇಕು. ಅಷ್ಟರೊಳಗೆ ರೇಟ್ ಬಿದ್ದರೂ ಹೊರಗೆ ಬರುವ ದಾರಿ ಇಲ್ಲ, ಗಿಡ ನೆಲದಲ್ಲಿದೆ. ಜೊತೆಗೆ ಆ ರೇಟ್ ನೋಡಿ ಎಲ್ಲರೂ ನೆಟ್ಟಿದ್ದರಿಂದ ಮಾಲು ಒಟ್ಟಿಗೆ ಬಂದು ಬಿತ್ತು. ಏರಿದ ಬೆಲೆಯೇ ಇಳಿಕೆಯನ್ನು ಬೆಳೆಸಿತು.

ಷೇರಿನಲ್ಲಿ ಇವತ್ತು ಕೊಂಡದ್ದನ್ನು ನಾಳೆ ಮಾರಬಹುದು. ಬೆಲೆ ಏರಿತು ಅಂತ ಕಂಪನಿ ಎರಡು ತಿಂಗಳಲ್ಲಿ ಎರಡು ಪಟ್ಟು ಷೇರು ಬೆಳೆದು ಮಾರುಕಟ್ಟೆಗೆ ಸುರಿಯುವುದೂ ಇಲ್ಲ. ಹಾಗಾಗಿ ಏರುವ ಬೆಲೆಯ ಜೊತೆ ಹೋಗುವುದಕ್ಕೆ ಇಲ್ಲಿ ಅರ್ಥ ಇದೆ. ಒಂದೇ ಷರತ್ತು: ಕೊಳ್ಳುವ ಮೊದಲೇ, ಎಷ್ಟಕ್ಕೆ ಇಳಿದರೆ ಮಾರುತ್ತೇನೆ ಅಂತ ಬರೆದಿಟ್ಟಿರಬೇಕು, ಆ ದಿನ ಬಂದಾಗ ಮಾರಬೇಕು. ಅದು ಇಲ್ಲದಿದ್ದರೆ ನೀವು ಮಾಡುತ್ತಿರುವುದು ಜುಲೈನಲ್ಲಿ ಟೊಮೆಟೊ ನೆಟ್ಟವರ ಕೆಲಸವನ್ನೇ.

ಇದು ನಿಜವಾಗಲೂ ಕೆಲಸ ಮಾಡುತ್ತಾ, ಇಲ್ಲ ಕೋರ್ಸ್ ಮಾರೋರು ಹೇಳೋ ಮಾತಾ?

ಇದಕ್ಕೆ ಆಧಾರ ಇದೆ. 1993ರಲ್ಲಿ ಜೇಗದೀಶ್ ಮತ್ತು ಟಿಟ್‌ಮನ್ ಎಂಬ ಇಬ್ಬರು ಸಂಶೋಧಕರು ಅಮೆರಿಕದ ಷೇರುಗಳನ್ನು ಲೆಕ್ಕ ಹಾಕಿ ನೋಡಿದರು. ಹಿಂದಿನ 3ರಿಂದ 12 ತಿಂಗಳಲ್ಲಿ ಮುಂದಿದ್ದ ಷೇರುಗಳು ಮುಂದಿನ ಕೆಲವು ತಿಂಗಳಲ್ಲೂ ಸರಾಸರಿಗಿಂತ ಚೆನ್ನಾಗಿ ನಡೆದಿದ್ದವು. 2012ರಲ್ಲಿ ಇನ್ನೊಂದು ಅಧ್ಯಯನ ಷೇರು ಸೂಚ್ಯಂಕ, ಕರೆನ್ಸಿ, ಸರಕು, ಬಾಂಡ್ ಸೇರಿ 58 ಬಗೆಯ ಫ್ಯೂಚರ್ಸ್‌ನಲ್ಲಿ (ಮುಂದಿನ ದಿನಾಂಕದ ವ್ಯವಹಾರಕ್ಕೆ ಇವತ್ತೇ ಬೆಲೆ ಗೊತ್ತುಮಾಡುವ ಒಪ್ಪಂದಗಳಲ್ಲಿ) ಇದೇ ಗುಣ ಕಂಡಿತು.

ಕಾರಣ ಮನುಷ್ಯರ ಸ್ವಭಾವದಲ್ಲಿದೆ. ಒಳ್ಳೆಯ ಸುದ್ದಿ ಎಲ್ಲರ ತಲೆಗೂ ಒಂದೇ ದಿನ ಹತ್ತುವುದಿಲ್ಲ. ಲಾಭ ಕಂಡವರು ಬೇಗ ಮಾರಿಬಿಡುತ್ತಾರೆ, ಹಾಗಾಗಿ ಬೆಲೆ ನಿಧಾನಕ್ಕೆ ಏರುತ್ತದೆ. ಆಮೇಲೆ ಗುಂಪು ಸೇರಿ ಇನ್ನೂ ಮೇಲಕ್ಕೆ ತಳ್ಳುತ್ತದೆ.

ಆದರೆ ಇವೆಲ್ಲ ನೂರಾರು ಷೇರು, ಹತ್ತಾರು ವರ್ಷಗಳ ಸರಾಸರಿ. ನಿಮ್ಮ ಹತ್ತಿರ ಇರುವುದು ಮೂರು ಷೇರು, ಎಂಟು ತಿಂಗಳು. ಸರಾಸರಿ ನಿಮ್ಮ ಮನೆ ಬಾಗಿಲಿಗೆ ಬರುವಷ್ಟರಲ್ಲಿ ನೀವು ಬೇಸತ್ತು ಬಿಟ್ಟಿರಬಹುದು.

ಸೆಬಿನೇ 10ರಲ್ಲಿ 9 ಜನ ಕಳ್ಕೊಂಡ್ರು ಅಂತ ಹೇಳಿದೆ. ಮತ್ತೆ ಇದನ್ಯಾಕೆ ಮಾತಾಡ್ತೀರಾ?

ಆ ಲೆಕ್ಕ ಎಫ್ ಅಂಡ್ ಓ, ಅಂದರೆ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಎಂಬ ಒಪ್ಪಂದಗಳ ವ್ಯಾಪಾರ ಮಾಡುವವರದು. 2024ರ ಸೆಪ್ಟೆಂಬರ್‌ನಲ್ಲಿ ಸೆಬಿ ಕೊಟ್ಟ ವರದಿಯ ಪ್ರಕಾರ, 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಒಂದು ಕೋಟಿಗೂ ಮೀರಿದ ವೈಯಕ್ತಿಕ ಟ್ರೇಡರ್‌ಗಳಲ್ಲಿ ಶೇ 93 ಜನ ನಷ್ಟ ಮಾಡಿಕೊಂಡರು. ಖರ್ಚು ಸೇರಿ ತಲಾ ಸುಮಾರು 2 ಲಕ್ಷ, ಒಟ್ಟು 1.8 ಲಕ್ಷ ಕೋಟಿ ರೂಪಾಯಿಗೂ ಜಾಸ್ತಿ. ಇಂಟ್ರಾಡೇ (ಕೊಂಡ ದಿನವೇ ಮಾರುವ) ಷೇರು ವ್ಯವಹಾರದಲ್ಲೂ 2022-23ರಲ್ಲಿ 10ರಲ್ಲಿ 7 ಜನ ಕಳೆದುಕೊಂಡರು. 30 ವರ್ಷದೊಳಗಿನವರಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು, ಶೇ 76.

ನಾನು ಈ ಪುಟದಲ್ಲಿ ಹೇಳುತ್ತಿರುವುದು ಬೇರೆ: ಪೂರ್ತಿ ಹಣ ಕೊಟ್ಟು ಡೆಲಿವರಿ ತೆಗೆದುಕೊಂಡು (ಷೇರನ್ನು ನಮ್ಮ ಖಾತೆಗೆ ಪಡೆದು), ತಿಂಗಳುಗಟ್ಟಲೆ ಇಟ್ಟುಕೊಂಡು, ದಿಕ್ಕು ತಿರುಗಿದಾಗ ಮಾರುವ ನಿಧಾನದ ವಿಧಾನ. ಐದು ನಿಮಿಷದ ಚಾರ್ಟ್‌ನಲ್ಲಿ ಆಪ್ಷನ್ ಕೊಳ್ಳುವುದಕ್ಕೂ ಜನ ‘ಟ್ರೆಂಡ್’ ಅಂತಲೇ ಹೆಸರಿಡುತ್ತಾರೆ. ಹೆಸರು ಒಂದೇ ಆದರೂ ಕೆಲಸ ಬೇರೆ.

## ಹಣದ ಲೆಕ್ಕ

ಈ ವಿಧಾನದಲ್ಲಿ 10 ಟ್ರೇಡ್‌ನಲ್ಲಿ 6 ಲಾಸ್ ಆಗುತ್ತೆ ಅಂತಾರೆ. ಹಂಗಾದ್ರೆ ಲಾಭ ಎಲ್ಲಿಂದ ಬರುತ್ತೆ?

ಒಂದು ಲೆಕ್ಕ ಬರೆದು ನೋಡೋಣ, ಉದಾಹರಣೆಗೆ ಅಷ್ಟೇ. ಪ್ರತಿ ಟ್ರೇಡ್‌ನಲ್ಲೂ 1,000 ರೂಪಾಯಿಗಿಂತ ಜಾಸ್ತಿ ಕಳೆಯುವುದಿಲ್ಲ ಅಂತ ತೀರ್ಮಾನಿಸಿದ್ದೀರಿ. ಆರು ಟ್ರೇಡ್ ಕೆಟ್ಟವು: 6,000 ಹೋಯಿತು. ಎರಡರಲ್ಲಿ ಸಾವಿರ ಸಾವಿರ ಬಂತು, ಒಂದರಲ್ಲಿ 2,500. ಕೊನೆಯದು ಏರುತ್ತಲೇ ಹೋಗಿ 5,000 ಕೊಟ್ಟಿತು. ಬಂದದ್ದು 9,500. ಉಳಿದದ್ದು 3,500.

ಈಗ ಆ ಕೊನೆಯದನ್ನು 1,500 ಲಾಭ ಕಂಡ ಕೂಡಲೇ ‘ಸಾಕಪ್ಪಾ’ ಅಂತ ಮಾರಿದ್ದೀರಿ ಅಂದುಕೊಳ್ಳಿ. ಬಂದದ್ದು 6,000, ಹೋದದ್ದು 6,000. ಬ್ರೋಕರೇಜ್, ತೆರಿಗೆ ಕಳೆದರೆ ನಷ್ಟ. ನಿಯಮ ಬದಲಾಗಲಿಲ್ಲ, ಮಾರುಕಟ್ಟೆ ಬದಲಾಗಲಿಲ್ಲ. ಒಂದೇ ಒಂದು ಸಲ ಅವಸರ ಮಾಡಿದ್ದು ವರ್ಷದ ಕೆಲಸವನ್ನು ತಿಂದುಹಾಕಿತು.

ನನ್ನ ಮೇಜಿನ ಡ್ರಾಯರ್‌ನಲ್ಲಿ ಉದ್ದ ನೋಟ್‌ಬುಕ್ ಒಂದಿದೆ. ಎಡಕ್ಕೆ ಕೊಂಡ ದಿನ, ಬೆಲೆ, ಎಷ್ಟಕ್ಕೆ ಇಳಿದರೆ ಮಾರುವುದು. ಬಲಕ್ಕೆ ಮಾರಿದ ದಿನ, ಬೆಲೆ, ಯಾಕೆ ಮಾರಿದೆ. ನಷ್ಟವನ್ನು ಕೆಂಪು ಪೆನ್ನಿನಲ್ಲಿ ಬರೆಯುತ್ತೇನೆ. ಮೊದಲ ವರ್ಷದ ಎರಡು ಪುಟ ಪೂರ್ತಿ ಕೆಂಪಗಿವೆ. ಅವು ನನ್ನನ್ನು ಕಾಡುವುದಿಲ್ಲ, ಎಲ್ಲವೂ ಸಣ್ಣ ಮೊತ್ತ. ಕಾಡುವುದು ಒಂದು ನೀಲಿ ಸಾಲು. ‘ಯಾಕೆ ಮಾರಿದೆ’ ಎಂಬ ಕಡೆ ‘ಭಯ ಆಯ್ತು’ ಅಂತ ಬರೆದಿದೆ. ಮಾರುವ ಸೂಚನೆ ಬಂದೇ ಇರಲಿಲ್ಲ. ಆ ಷೇರು ಮುಂದಿನ ಒಂದು ವರ್ಷ ಏರುತ್ತಲೇ ಇತ್ತು.

ಮೇಡಂ, ಯಾರಿಗೆ ಇದು ಒಗ್ಗುತ್ತೆ, ಯಾರಿಗೆ ಒಗ್ಗಲ್ಲ? ನೇರವಾಗಿ ಹೇಳಿ.

ತಿಂಗಳ ಸಂಬಳ ಅಥವಾ ನಿಲ್ಲದ ವ್ಯಾಪಾರ ಇದ್ದು, ಆರು ತಿಂಗಳ ಖರ್ಚು ಬ್ಯಾಂಕಿನಲ್ಲಿದ್ದು, ಆರೋಗ್ಯ ವಿಮೆ ಇದ್ದು, ಇದೆಲ್ಲ ಆದ ಮೇಲೂ ಐದು ವರ್ಷ ಮುಟ್ಟಬೇಕಾಗಿಲ್ಲದ ಹಣ ಇರುವವರಿಗೆ ಒಗ್ಗಬಹುದು. ಅವರೂ ಉಳಿತಾಯದ ಹತ್ತನೇ ಒಂದು ಭಾಗದಿಂದ ಶುರು ಮಾಡಲಿ ಅನ್ನುವುದು ನನ್ನ ಅಭಿಪ್ರಾಯ.

ಬೆಳೆಯಿಂದ ಬೆಳೆಗೆ ಬದುಕುವವರಿಗೆ, ಹಾಲಿನ ಬಟವಾಡೆಯಲ್ಲಿ ಮನೆ ನಡೆಸುವವರಿಗೆ ಒಗ್ಗುವುದಿಲ್ಲ. ಅವರಿಗೆ ಜಾಣತನ ಕಡಿಮೆ ಅಂತಲ್ಲ. ಅವರು ವರ್ಷವಿಡೀ ಬೆಲೆಯ ಏರಿಳಿತದಲ್ಲೇ ಬದುಕುತ್ತಾರೆ, ಇನ್ನೊಂದು ಏರಿಳಿತ ಹೊರುವ ಶಕ್ತಿ ಆ ಹಣಕ್ಕೆ ಇಲ್ಲ. ಬೋರ್‌ವೆಲ್ ಬತ್ತಿದ ತಿಂಗಳಲ್ಲೇ ಷೇರು ಬಿದ್ದಿದ್ದರೆ, ನಿಯಮ ಏನೇ ಹೇಳಲಿ, ಮಾರಲೇಬೇಕಾಗುತ್ತದೆ.

ಇನ್ನೊಂದು ವಿಷಯ ಹಣಕ್ಕೆ ಸಂಬಂಧಪಟ್ಟದ್ದಲ್ಲ. ಸತತ ಏಳೆಂಟು ಸಣ್ಣ ನಷ್ಟ ಬಂದರೂ ಒಂಬತ್ತನೆಯದನ್ನು ಅಷ್ಟೇ ಸಮಾಧಾನದಿಂದ ಮಾಡಬಲ್ಲಿರಾ? ಇದಕ್ಕೆ ಉತ್ತರ ಗೊತ್ತಿಲ್ಲದಿದ್ದರೆ ಮೊದಲ ಆರು ತಿಂಗಳು ಕಾಗದದ ಮೇಲೆ ಮಾತ್ರ ಮಾಡಿ.

50,000 ಇದೆ. ಶುರು ಮಾಡ್ಬಹುದಾ?

ಮಾಡಬಹುದು, ಆದರೆ ಖರ್ಚು ನೋಡಿ. ಒಂದು ಟ್ರೇಡ್‌ನಲ್ಲಿ ಒಟ್ಟು ಹಣದ ಶೇ 1ಕ್ಕಿಂತ ಜಾಸ್ತಿ ಕಳೆಯಬಾರದು ಅನ್ನುವುದು ಹಳೆಯ ನಿಯಮ. 50,000ಕ್ಕೆ ಅದು 500 ರೂಪಾಯಿ. ಸ್ಟಾಪ್‌ಲಾಸ್, ಅಂದರೆ ಇಷ್ಟಕ್ಕೆ ಇಳಿದರೆ ಮಾರುತ್ತೇನೆ ಅನ್ನುವ ಬೆಲೆ, ಕೊಂಡ ಬೆಲೆಗಿಂತ ಶೇ 10 ಕೆಳಗಿದ್ದರೆ 5,000 ರೂಪಾಯಿಯ ಷೇರು ಮಾತ್ರ ಕೊಳ್ಳಬಹುದು. ಕೊಳ್ಳುವಾಗ ಶೇ 0.1 ಎಸ್‌ಟಿಟಿ (ಷೇರು ವಹಿವಾಟಿನ ತೆರಿಗೆ), ಮಾರುವಾಗ ಶೇ 0.1, ಅಂದರೆ 10 ರೂಪಾಯಿ. ಮಾರಿದ ದಿನ ಡಿಪಿ ಚಾರ್ಜ್ (ಡಿಮ್ಯಾಟ್ ಖಾತೆಯಿಂದ ಷೇರು ತೆಗೆಯುವ ಶುಲ್ಕ) ಹದಿನೈದು ರೂಪಾಯಿಯ ಆಸುಪಾಸು. ಬ್ರೋಕರೇಜ್ ಸೊನ್ನೆ ಇದ್ದರೂ ಹೋಗಿ ಬರುವಷ್ಟರಲ್ಲಿ ಶೇ ಅರ್ಧ ಹೋಯಿತು. ಅಷ್ಟು ಹಣಕ್ಕೆ ಹತ್ತು ಷೇರಿನ ಹಿಂದೆ ಓಡುವುದಕ್ಕಿಂತ ಒಂದು ನಿಫ್ಟಿ ಇಟಿಎಫ್ (50 ದೊಡ್ಡ ಕಂಪನಿಗಳ ಸೂಚ್ಯಂಕವನ್ನು ಹಿಂಬಾಲಿಸುವ, ಷೇರಿನಂತೆಯೇ ಕೊಂಡು ಮಾರುವ ಫಂಡ್) ಮೇಲೆ ನಿಯಮ ಕಲಿಯುವುದು ಲೇಸು.

ಒಡವೆ ಅಡ ಇಟ್ಟು ಹಾಕಿದ್ರೆ? ಬಡ್ಡಿಗಿಂತ ಜಾಸ್ತಿ ಬರುತ್ತಲ್ಲ.

ಬೇಡ. ಬಡ್ಡಿ ಪ್ರತಿ ತಿಂಗಳೂ ತಪ್ಪದೆ ಬರುತ್ತದೆ, ಟ್ರೆಂಡ್ ಬರುವುದಿಲ್ಲ. ಒಂದು ವರ್ಷ ಪೂರ್ತಿ ಮಾರುಕಟ್ಟೆ ಅತ್ತಿತ್ತ ತೂಗಾಡಬಹುದು. ಆಗ ಒಡವೆ ಹರಾಜಿಗೆ ಹೋಗುತ್ತದೆ. ಅದು ಅಮ್ಮನದೋ ಹೆಂಡತಿಯದೋ ಆಗಿರುತ್ತದೆ.

ಟ್ಯಾಕ್ಸ್ ಎಷ್ಟು ಹೋಗುತ್ತೆ? 12 ಲಕ್ಷದವರೆಗೆ ಇಲ್ಲ ಅಂತಾರಲ್ಲ?

ಈ ತಪ್ಪು ತಿಳಿವಳಿಕೆಯನ್ನು ವಾರಕ್ಕೆ ಹತ್ತು ಸಲ ಬಿಡಿಸುತ್ತೇನೆ. ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗೆ ಸಿಗುವ ರಿಬೇಟ್ (ತೆರಿಗೆ ಮಾಫಿ), ಷೇರು ಮಾರಿದ ಲಾಭದಂಥ ವಿಶೇಷ ದರದ ಆದಾಯಕ್ಕೆ ಅನ್ವಯಿಸುವುದಿಲ್ಲ. ಒಂದು ವರ್ಷದೊಳಗೆ ಮಾರಿದರೆ ಲಾಭದ ಮೇಲೆ ಶೇ 20. ಒಂದು ವರ್ಷ ದಾಟಿದರೆ, ವರ್ಷಕ್ಕೆ 1.25 ಲಕ್ಷ ಮೀರಿದ ಲಾಭಕ್ಕೆ ಶೇ 12.5. ಎರಡಕ್ಕೂ ಸೆಸ್ ಬೇರೆ. 2024ರ ಜುಲೈ 23ರಿಂದ ಈ ದರ. ಟ್ರೆಂಡ್ ವಿಧಾನದಲ್ಲಿ ಹೆಚ್ಚಿನ ಮಾರಾಟ ಒಂದು ವರ್ಷದೊಳಗೇ ಆಗುವುದರಿಂದ ಶೇ 20ರ ಲೆಕ್ಕವನ್ನೇ ಇಟ್ಟುಕೊಳ್ಳಿ.

ನಷ್ಟ ಆದವರು ‘ಟ್ಯಾಕ್ಸ್ ಇಲ್ಲವಲ್ಲ’ ಅಂತ ರಿಟರ್ನ್ಸ್ ಹಾಕದೆ ಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಡೆಲಿವರಿ ಷೇರಿನ ನಷ್ಟವನ್ನು 8 ವರ್ಷ ಮುಂದಕ್ಕೆ ಒಯ್ದು ಮುಂದಿನ ಲಾಭದಲ್ಲಿ ಕಳೆಯಬಹುದು, ಆದರೆ ಕೊನೆಯ ದಿನಾಂಕದೊಳಗೆ ರಿಟರ್ನ್ಸ್ ಹಾಕಿದ್ದರೆ ಮಾತ್ರ. ಇಂಟ್ರಾಡೇ ನಷ್ಟಕ್ಕೆ 4 ವರ್ಷ, ಅದೂ ಇಂಟ್ರಾಡೇಯಂಥ ಸ್ಪೆಕ್ಯುಲೇಟಿವ್ ಲಾಭದ ಎದುರಿಗೆ ಮಾತ್ರ.

## ಕೈ ಹಾಕಿದ ಮೇಲೆ

ಬೆಳಗ್ಗೆ ಬಂಗಾರಪೇಟೆಯಲ್ಲಿ ಟ್ರೈನ್ ಹಿಡಿದ್ರೆ ರಾತ್ರಿ ವಾಪಸ್. ಚಾರ್ಟ್ ನೋಡೋಕೆ ಟೈಮ್ ಎಲ್ಲಿದೆ?

ನಿಮ್ಮಂಥವರಿಗೇ ಇದು ಸ್ವಲ್ಪ ಹೊಂದುತ್ತದೆ. ತಿಂಗಳಿಗೆ ಒಂದೇ ಸಲ ನೋಡಿ. ತಿಂಗಳ ಕೊನೆಯ ಬೆಲೆಯನ್ನು ಹಿಂದಿನ 10 ತಿಂಗಳ ಸರಾಸರಿಯ ಜೊತೆ ಹೋಲಿಸಿ. ಮೇಲಿದ್ದರೆ ಇಟ್ಟುಕೊಳ್ಳಿ, ಕೆಳಗಿದ್ದರೆ ಮುಂದಿನ ಸೋಮವಾರ ಮಾರಿ. ಹತ್ತು ನಿಮಿಷದ ಕೆಲಸ. ರೈಲಿನ ಬಾಗಿಲ ಬಳಿ ನಿಂತು ಮೊಬೈಲ್‌ನಲ್ಲಿ ಆರ್ಡರ್ ಹಾಕುವವರನ್ನು ನೋಡಿ ಹೊಟ್ಟೆ ಉರಿದುಕೊಳ್ಳಬೇಡಿ. ಜಾಸ್ತಿ ನೋಡಿದಷ್ಟೂ ಜಾಸ್ತಿ ಕೈ ಆಡಿಸುವಂತಾಗುತ್ತದೆ.

ಸ್ಟಾಪ್‌ಲಾಸ್ ಹಾಕಿದ್ದೀನಿ. ಇನ್ನು ಸೇಫ್ ಅಲ್ವಾ?

ಪೂರ್ತಿ ಅಲ್ಲ. 2020ರ ಮಾರ್ಚ್ 23ರಂದು ನಿಫ್ಟಿ ಒಂದೇ ದಿನ ಸುಮಾರು ಶೇ 13 ಬಿತ್ತು. ಬೆಳಗ್ಗೆಯೇ ಶೇ 10ರ ಸರ್ಕ್ಯೂಟ್ (ಅಷ್ಟು ಬಿದ್ದರೆ ವ್ಯವಹಾರ ನಿಲ್ಲಿಸುವ ಮಿತಿ) ಮುಟ್ಟಿ 45 ನಿಮಿಷ ವ್ಯವಹಾರ ನಿಂತಿತು. 2024ರ ಜೂನ್ 4, ಚುನಾವಣೆ ಫಲಿತಾಂಶದ ದಿನ, ಸುಮಾರು ಶೇ 6. ಅಂಥ ದಿನ ನೀವು 95ಕ್ಕೆ ಮಾರು ಅಂತ ಇಟ್ಟಿದ್ದರೂ ಬೆಲೆ 95ನ್ನು ಹಾರಿ ನೇರ 90ಕ್ಕೆ ಬರಬಹುದು. ಲಿಮಿಟ್ ಬೆಲೆ (ಇದಕ್ಕಿಂತ ಕಡಿಮೆಗೆ ಮಾರಬೇಡ ಎಂಬ ಮಿತಿ) ಇಟ್ಟ ಜಿಟಿಟಿ, ಅಂದರೆ ಹೇಳಿದ ಬೆಲೆ ಮುಟ್ಟಿದಾಗ ತಾನಾಗಿ ಹೋಗುವ ಆರ್ಡರ್, ಪೂರೈಸದೆ ಉಳಿದುಬಿಡಬಹುದು. ಸಣ್ಣ ಕಂಪನಿಗಳಲ್ಲಿ ಇನ್ನೂ ಕಷ್ಟ: ಲೋವರ್ ಸರ್ಕ್ಯೂಟ್ (ಒಂದು ದಿನದಲ್ಲಿ ಬೆಲೆ ಇಳಿಯಬಹುದಾದ ಮಿತಿ) ಬಿದ್ದರೆ ಕೊಳ್ಳುವವರೇ ಇರುವುದಿಲ್ಲ, ದಿನದಿಂದ ದಿನಕ್ಕೆ ಸುಮ್ನೆ ನೋಡುತ್ತಾ ಕೂರಬೇಕು. ಇದಕ್ಕೇ, ದಿನಾ ಕೋಟ್ಯಂತರ ರೂಪಾಯಿ ಕೈ ಬದಲಾಗುವ ದೊಡ್ಡ ಷೇರುಗಳಲ್ಲೇ ಇರಿ ಅಂತ ಎಲ್ಲರಿಗೂ ಹೇಳುತ್ತೇನೆ.

ನಾನು ಮಾರಿದ ಮೇಲೇ ಏರುತ್ತೆ. ಪ್ರತಿ ಸಲ! ಯಾಕೆ ಹಿಂಗೆ?

ಮಾರುಕಟ್ಟೆ ಒಂದು ದಿಕ್ಕಿಗೆ ಹೋಗದೆ ತೂಗಾಡುವಾಗ ಹೀಗೇ ಆಗುತ್ತದೆ. ಇದು ಈ ವಿಧಾನಕ್ಕೆ ನಾವು ಕೊಡುವ ಬಾಡಿಗೆ. ಬಾಡಿಗೆಗೆ ಪ್ರತಿಯಾಗಿ ಸಿಗುವುದು ದೊಡ್ಡ ಕುಸಿತದಿಂದ ರಕ್ಷಣೆ. 2008ರ ಜನವರಿಯಲ್ಲಿ 6,300 ದಾಟಿದ್ದ ನಿಫ್ಟಿ ಅಕ್ಟೋಬರ್‌ನಲ್ಲಿ 2,300ಕ್ಕಿಂತ ಕೆಳಗೆ ಹೋಯಿತು. 200 ದಿನದ ಸರಾಸರಿ ನೋಡುತ್ತಿದ್ದವರಿಗೆ ಆ ವರ್ಷದ ಮೊದಲ ತಿಂಗಳುಗಳಲ್ಲೇ ಹೊರಗೆ ಬರುವ ಸೂಚನೆ ಸಿಕ್ಕಿತ್ತು. ತುದಿಯಲ್ಲಿ ಅಲ್ಲ, ಸಾಕಷ್ಟು ಬಿದ್ದ ಮೇಲೆಯೇ. ಆದರೂ ಉಳಿದದ್ದು ದೊಡ್ಡದು.

2020ರಲ್ಲಿ ಕಥೆ ಬೇರೆ. ಫೆಬ್ರವರಿ ಕೊನೆಗೆ ಹೊರಬಂದವರು ಜುಲೈನಲ್ಲಿ ಮತ್ತೆ ಒಳಗೆ ಹೋದಾಗ ಬೆಲೆ ಹತ್ತಿರ ಹತ್ತಿರ ಮೊದಲಿನಷ್ಟೇ ಇತ್ತು. ಹಣದಲ್ಲಿ ದೊಡ್ಡ ಲಾಭ ಆಗಲಿಲ್ಲ. ಮಾರ್ಚ್ ತಿಂಗಳ ರಾತ್ರಿಗಳಲ್ಲಿ ನಿದ್ದೆ ಬಂತು, ಅಷ್ಟೇ. ಅದಕ್ಕೆ ಎಷ್ಟು ಬೆಲೆ ಕಟ್ಟುತ್ತೀರಿ ಅನ್ನುವುದು ನಿಮಗೆ ಬಿಟ್ಟದ್ದು.

## ಇನ್ನೂ ಆಳಕ್ಕೆ ಇಳಿದವರಿಗೆ

50 ದಿನದ ಆವರೇಜಾ, 200ರದಾ? ಹಳೇ ರೇಟ್‌ಗಳ ಮೇಲೆ ಬ್ಯಾಕ್‌ಟೆಸ್ಟ್ ಮಾಡಿದ್ರೆ 37 ದಿನದ್ದು ಸೂಪರ್ ಬರ್ತಿದೆ.

37 ಚೆನ್ನಾಗಿ ಬಂದು 33, 41 ಕೆಟ್ಟದಾಗಿ ಬಂದರೆ ಅದು ನಿಯಮ ಅಲ್ಲ, ಕಾಕತಾಳೀಯ. ಹಳೆಯ ಬೆಲೆಗಳಿಗೆ ಅಳತೆ ಹಿಡಿದು ಹೊಲಿದ ಅಂಗಿ ಅದು, ಮುಂದಿನ ವರ್ಷಕ್ಕೆ ಸರಿಹೊಂದುವುದಿಲ್ಲ. ಅಕ್ಕಪಕ್ಕದ ಸಂಖ್ಯೆಗಳೂ ಸುಮಾರಾಗಿ ನಡೆದರೆ ಮಾತ್ರ ನಂಬಿ.

ಇನ್ನೊಂದು ಮೋಸ ಕಣ್ಣಿಗೆ ಬೀಳುವುದೇ ಇಲ್ಲ. ಇವತ್ತಿನ ನಿಫ್ಟಿ 50ರ ಪಟ್ಟಿ ತೆಗೆದುಕೊಂಡು ಹದಿನೈದು ವರ್ಷ ಹಿಂದಕ್ಕೆ ಓಡಿಸಿದರೆ ಗೆದ್ದವರನ್ನೇ ಆರಿಸಿಕೊಂಡಂತೆ. ಆಮೇಲೆ ಕುಸಿದುಹೋದ ಯುನಿಟೆಕ್, ರಿಲಯನ್ಸ್ ಕಮ್ಯುನಿಕೇಷನ್ಸ್ ಕೂಡ ಒಂದು ಕಾಲದಲ್ಲಿ ಆ ಪಟ್ಟಿಯಲ್ಲಿದ್ದವು. ಆಗ ಟ್ರೇಡ್ ಮಾಡುತ್ತಿದ್ದವರು ಅವನ್ನೂ ಕೊಂಡಿರುತ್ತಿದ್ದರು.

ಮೊಮೆಂಟಮ್ ಇಂಡೆಕ್ಸ್ ಫಂಡ್ ಇದೆಯಲ್ಲ, ಅದರಲ್ಲಿ ತಿಂಗಳಿಗೆ ಇಷ್ಟು ಅಂತ ಎಸ್‌ಐಪಿ ಹಾಕಿದ್ರೆ ಸಾಕಲ್ವಾ?

ಬಹಳ ಜನರಿಗೆ ಇದೇ ಸರಿಯಾದ ಉತ್ತರ ಇರಬಹುದು. 2020ರಲ್ಲಿ ಶುರುವಾದ ನಿಫ್ಟಿ 200 ಮೊಮೆಂಟಮ್ 30 ಸೂಚ್ಯಂಕ, 6 ಮತ್ತು 12 ತಿಂಗಳ ಓಟವನ್ನು ಏರಿಳಿತದ ಜೊತೆ ತೂಗಿ ನೋಡಿ 30 ಷೇರು ಆರಿಸುತ್ತದೆ. ಜೂನ್ ಮತ್ತು ಡಿಸೆಂಬರ್‌ನಲ್ಲಿ ಪಟ್ಟಿ ಬದಲಾಗುತ್ತದೆ. ಇಂಡೆಕ್ಸ್ ಫಂಡ್ ಅದೇ ಪಟ್ಟಿಯನ್ನು ಹಿಂಬಾಲಿಸುತ್ತದೆ. ಫಂಡ್ ಒಳಗೆ ಷೇರು ಬದಲಾಯಿಸಿದ್ದಕ್ಕೆ ನೀವು ತೆರಿಗೆ ಕಟ್ಟಬೇಕಾಗಿಲ್ಲ, ನಿಮ್ಮ ಯೂನಿಟ್ ಮಾರಿದಾಗ ಮಾತ್ರ. ಭಯ ಆಯಿತು ಅಂತ ನಡುವೆ ಕೈ ಹಾಕುವ ಅವಕಾಶವೂ ಕಡಿಮೆ.

ಆದರೆ ಒಂದು ತಿಳಿದಿರಲಿ. ಈ ಫಂಡ್ ಮಾರುಕಟ್ಟೆ ಬೀಳುವಾಗ ಹಣ ಹೊರತೆಗೆದು ಕೂರುವುದಿಲ್ಲ. ಯಾವಾಗಲೂ ಪೂರ್ತಿ ಷೇರಿನಲ್ಲೇ ಇರುತ್ತದೆ. 2024ರ ಸೆಪ್ಟೆಂಬರ್ ನಂತರದ ಇಳಿತದಲ್ಲಿ ಇದು ನಿಫ್ಟಿಗಿಂತ ಜಾಸ್ತಿ ಬಿತ್ತು.

ಟೆಲಿಗ್ರಾಂ ಗುಂಪಲ್ಲಿ ಟ್ರೆಂಡ್ ಕಾಲ್ ಕೊಡ್ತಾರೆ. ಫಾಲೋ ಮಾಡ್ಲಾ?

ಕೊಡುವವರ ಸೆಬಿ ನೋಂದಣಿ ಸಂಖ್ಯೆ ಕೇಳಿ, ಸೆಬಿಯ ವೆಬ್‌ಸೈಟ್‌ನಲ್ಲಿ ಹುಡುಕಿ. ಸಲಹೆಗಾರರದು ಐಎನ್‌ಎ, ಸಂಶೋಧನಾ ವಿಶ್ಲೇಷಕರದು ಐಎನ್‌ಎಚ್ ಅಂತ ಶುರುವಾಗುತ್ತದೆ. ‘ಖಚಿತ ಲಾಭ’ ಅಂದರೆ, ಅಥವಾ ಅವರದೇ ಆ್ಯಪ್‌ಗೆ ಹಣ ಹಾಕಿ ಅಂದರೆ, ಅಲ್ಲಿಗೇ ಬಿಡಿ. ಹಣ ಹೋಗಿಬಿಟ್ಟಿದ್ದರೆ ನಾಚಿಕೆ ಪಡದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಅಲ್ಲಿ ಗಂಟೆಗಂಟೆಗೂ ಬೆಲೆ ಇದೆ.

ಎರಡು ವರ್ಷ ಆಯ್ತು. ಮುಂದುವರಿಸ್ಲಾ, ಬಿಡ್ಲಾ? ಹೆಂಗೆ ಗೊತ್ತಾಗೋದು?

ಎರಡು ಲೆಕ್ಕ ಅಕ್ಕಪಕ್ಕ ಇಡಿ. ಒಂದು ಕಡೆ ತೆರಿಗೆ, ಖರ್ಚು ಎಲ್ಲ ಕಳೆದು ನಿಮ್ಮ ಕೈಗೆ ಉಳಿದದ್ದು. ಇನ್ನೊಂದು ಕಡೆ ಅದೇ ಹಣವನ್ನು ಅದೇ ದಿನಗಳಲ್ಲಿ ಸಾದಾ ನಿಫ್ಟಿ ಇಂಡೆಕ್ಸ್ ಫಂಡ್‌ಗೆ ಹಾಕಿದ್ದರೆ ಆಗುತ್ತಿದ್ದದ್ದು. ಆಮೇಲೆ ನೋಟ್‌ಬುಕ್‌ನಲ್ಲಿ ನಿಯಮ ಮೀರಿದ ಸಾಲುಗಳನ್ನು ಎಣಿಸಿ. ನಿಯಮ ಪಾಲಿಸಿಯೂ ಹಿಂದಿದ್ದರೆ ಎರಡು ವರ್ಷಕ್ಕೇ ತೀರ್ಮಾನ ಮಾಡುವುದು ಅವಸರ, ತೂಗಾಟದ ಕಾಲ ಅಷ್ಟು ಉದ್ದ ಇರಬಹುದು. ನಿಯಮ ಮೀರಿದ್ದರಿಂದ ಹಿಂದಿದ್ದರೆ ಮೂರನೇ ವರ್ಷವೂ ಹಾಗೇ ಆಗುವ ಸಂಭವ ಹೆಚ್ಚು.

ಮುಳಬಾಗಿಲು ಕಡೆಯ ಶಿಕ್ಷಕಿಯೊಬ್ಬರು ಹೋದ ವರ್ಷ ಈ ಎರಡು ಲೆಕ್ಕವನ್ನು ಶಾಲೆಯ ರೂಲ್ಡ್ ಹಾಳೆಯಲ್ಲಿ ನೀಟಾಗಿ ಗೆರೆ ಎಳೆದು ತಂದಿದ್ದರು. ಅವರು ಸ್ವಲ್ಪ ಲಾಭದಲ್ಲೇ ಇದ್ದರು. ಆದರೆ 23 ಟ್ರೇಡ್‌ಗಳಲ್ಲಿ 11 ನಿಯಮದ ಹೊರಗೆ ಮಾರಿದ್ದು. ಪರೀಕ್ಷೆ ದಿನ ಕ್ಲಾಸಿನಿಂದ ಹೊರಗೆ ಬಂದು ಫೋನ್ ನೋಡಿದ್ದನ್ನೂ ಬರೆದುಕೊಂಡಿದ್ದರು. "ಮೇಡಂ, ಮಕ್ಕಳ ಮುಂದೆ ನಿಂತಿದ್ದರೂ ತಲೆ ಅಲ್ಲೇ ಇರುತ್ತೆ" ಅಂದರು. ಅರ್ಧ ಗಂಟೆ ಕೂತು ಮಾತಾಡಿದೆವು. ಷೇರುಗಳನ್ನು ಮಾರಿ, ಇಂಡೆಕ್ಸ್ ಫಂಡ್‌ಗೆ ತಿಂಗಳಿಗೆ ಇಷ್ಟು ಅಂತ ಎಸ್‌ಐಪಿ ಹಾಕಿದರು. ಆ ಹಾಳೆಯನ್ನು ನನ್ನ ಹತ್ತಿರವೇ ಬಿಟ್ಟುಹೋಗಿದ್ದಾರೆ, ಬೇರೆಯವರಿಗೆ ತೋರಿಸಿ ಅಂತ. ಆಫೀಸಿಗೆ ಬಂದರೆ ಹೆಸರಿನ ಸಾಲು ಮಡಚಿ ತೋರಿಸುತ್ತೇನೆ.